ಓಲೆಗರಿ, ಕಡತ, ಹಳೇ ಪುಸ್ತಕ: ನಿಮ್ಮ ಗ್ರಂಥಾಲಯದಲ್ಲೇ ಪ್ರದರ್ಶನ ಮಾಡುವುದು ಹೇಗೆ

ಮೊದಲ ಸಲ ರಾಯಚೂರಿನಲ್ಲಿ ಹಸ್ತಪ್ರತಿ ಪ್ರದರ್ಶನ ಮಾಡಿದಾಗ ನಮ್ಮ ಹತ್ತಿರ ಶೋಕೇಸೇ ಇರಲಿಲ್ಲ. ಪರಿಚಯದವರ ಬಂಗಾರದ ಅಂಗಡಿಯಿಂದ ಎರಡು ಎರವಲು ತಂದೆವು. ಒಳಗೆ ಸಾಲಾಗಿ ಪುಟ್ಟ ಬಲ್ಬುಗಳು. ಹಾಕಿದರೆ ಓಲೆಗರಿಯೇ ಒಡವೆ ಥರ ಕಾಣುತ್ತಿತ್ತು, ನಮಗಂತೂ ಹಿಗ್ಗೋ ಹಿಗ್ಗು. ಹತ್ತು ಗಂಟೆಗೆ ಉದ್ಘಾಟನೆ ಆಯಿತು. ಎರಡು ಗಂಟೆಗೆ ಊಟ ಮುಗಿಸಿ ಬಂದು ನೋಡಿದರೆ ಗರಿಗಳ ಅಂಚು ಸುಟ್ಟ ಹಪ್ಪಳದ ಹಾಗೆ ಮೇಲೆದ್ದಿತ್ತು. ಬಲ್ಬಿನ ಕಾವು, ಮುಚ್ಚಿದ ಗಾಜು, ಹೊರಗೆ ಏಪ್ರಿಲ್ ಬಿಸಿಲು. ತಕ್ಷಣ ಬಲ್ಬು ಆರಿಸಿ, ಗರಿಗಳನ್ನು ತೆಗೆದು, ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟೆವು. ಎರಡು ಮೂರು ದಿನಕ್ಕೆ ಬಹುಪಾಲು ನೆಟ್ಟಗಾದವು. ಒಂದು ಗರಿ ಮಾತ್ರ ಉದ್ದಕ್ಕೆ ಸೀಳಿ ಹೋಯಿತು. ತಪ್ಪು ಅಂಗಡಿಯವರದ್ದಲ್ಲ, ನಮ್ಮದೇ.

ಆವತ್ತಿನಿಂದ ನನ್ನ ಲೆಕ್ಕ ಒಂದೇ. ಬೆಳಿಗ್ಗೆ ಪುಸ್ತಕ ಹೇಗೆ ಹೊರಗೆ ಬಂತೋ ಸಂಜೆ ಹಾಗೇ ಒಳಗೆ ಹೋಗಬೇಕು. ಫ್ಲೆಕ್ಸು, ಅತಿಥಿ, ಪೇಪರಿನಲ್ಲಿ ಫೋಟೋ ಎಲ್ಲ ಆಮೇಲಿನ ಮಾತು. ಕೆಳಗೆ ಬರೆದಿರುವುದು ದೊಡ್ಡ ಮ್ಯೂಸಿಯಂಗಳಿಗೆ ಅಲ್ಲ. ತಾಲೂಕು ಗ್ರಂಥಾಲಯ, ಕಾಲೇಜು ಲೈಬ್ರರಿ, ಮಠದ ಪುಸ್ತಕ ಭಂಡಾರ, ಇಂಥ ಕಡೆ ಕೈಯಲ್ಲಿ ಹೆಚ್ಚು ದುಡ್ಡಿಲ್ಲದೆ ಮಾಡುವವರಿಗೆ.

ಮೊದಲು ತಾರೀಖು ನೋಡಿ

ನಮ್ಮ ಕಡೆ, ಅಂದರೆ ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳಲ್ಲಿ, ಎಲ್ಲ ತಿಂಗಳೂ ಇದಕ್ಕೆ ಆಗಿಬರುವುದಿಲ್ಲ. ಏಪ್ರಿಲ್, ಮೇ ಬೇಡವೇ ಬೇಡ, ಕಾರಣ ಮೇಲೆ ಹೇಳಿದೆನಲ್ಲ. ಆಷಾಢದಲ್ಲಿ ಗಾಳಿ ಎದ್ದು ಕಿಟಕಿ ಸಂದಿಯಿಂದಲೂ ದೂಳು ಬರುತ್ತದೆ, ಬಳ್ಳಾರಿ ಕಡೆಯಾದರೆ ಅದಿರಿನ ಕೆಂಪು ದೂಳು. ಆಮೇಲೆ ಮಳೆ, ಮುಗ್ಗಲು ವಾಸನೆ. ನವೆಂಬರ್‌ನಿಂದ ಜನವರಿವರೆಗೆ ಒಳ್ಳೆಯದು. ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಹೇಗೂ ಇರುತ್ತದೆ. ಅದೇ ನೆಪದಲ್ಲಿ ಅನುಮತಿ, ಅಷ್ಟೋ ಇಷ್ಟೋ ಖರ್ಚು ಸಿಗುತ್ತದೆ. ಕೊಪ್ಪಳದವರಿಗೆ ಜನವರಿಯಲ್ಲಿ ಗವಿಮಠದ ಜಾತ್ರೆ ಹೊತ್ತಿಗೇ ಇಡಬೇಕು ಅನ್ನಿಸುತ್ತದೆ, ಜನ ತಾನಾಗೇ ಬರುತ್ತಾರೆ ಅಂತ. ಬರುತ್ತಾರೆ ನಿಜ, ಆದರೆ ಲಕ್ಷಗಟ್ಟಲೆ ಜನರ ಜೊತೆ ಅಷ್ಟೇ ದೂಳೂ ಬರುತ್ತದೆ. ಜಾತ್ರೆ ಮುಗಿದು ಒಂದೆರಡು ವಾರ ಬಿಟ್ಟು ಮಾಡಿ.

ಎಷ್ಟು ದಿನ? ಒಂದು ವಾರ ಸಾಕು. ಹೊಸ ಕೈ ಆದರೆ ಮೂರೇ ದಿನ ಇಡಿ.

ಏನು ಇಡಬೇಕು, ಏನು ಬಿಡಬೇಕು

ಎಲ್ಲರೂ ಮಾಡುವ ತಪ್ಪು ಅಂದರೆ ಇರುವುದನ್ನೆಲ್ಲ ಹರಡುವುದು. ಎಂಬತ್ತು ಪುಸ್ತಕ ಮೇಜಿನ ಮೇಲೆ ಸಾಲಾಗಿ ಇಟ್ಟರೆ ಅದು ಪುಸ್ತಕ ಸಂತೆ. ಹನ್ನೆರಡರಿಂದ ಹದಿನೈದು ವಸ್ತು ಸಾಕು, ಅವುಗಳ ನಡುವೆ ಒಂದು ಎಳೆ ಇರಬೇಕು. ಎಳೆ ನಿಮ್ಮ ಊರಿನದ್ದೇ ಆದರೆ ಇನ್ನೂ ಒಳ್ಳೆಯದು. ನಮ್ಮ ಮೂರೂ ಜಿಲ್ಲೆಗೆ ಎಳೆಗಳ ಬರ ಇಲ್ಲ.

ಬಳ್ಳಾರಿಯನ್ನೇ ನೋಡಿ. ಕನ್ನಡ ಅಚ್ಚಿನ ಕಥೆಯನ್ನು ಈ ಊರು ಬಿಟ್ಟು ಹೇಳಲಿಕ್ಕೇ ಆಗುವುದಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತಂದವರು. ಅದೇ ಮಿಷನ್ನಿನ ವಿಲಿಯಂ ರೀವ್ ಮಾಡಿದ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಬಂದವು. ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ, ಅಂದರೆ ರೀವ್ ನಿಘಂಟುಗಳು ಅದಕ್ಕೂ ಅರವತ್ತು ವರ್ಷ ಮೊದಲಿನವು. ಇನ್ನೊಂದು ಮಾತು ಬಳ್ಳಾರಿಯವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಶುರುವಾಗಿ, ಮರುವರ್ಷ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ' ಆಯಿತು. ಇದರ ಮೂಲ ಪ್ರತಿ ನಿಮ್ಮಲ್ಲಿ ಇಲ್ಲದಿದ್ದರೂ ಅಡ್ಡಿಯಿಲ್ಲ. ಮದ್ರಾಸ್ ಪ್ರಾಂತ್ಯದ ಕಾಲದ ಶಾಲೆ ಪುಸ್ತಕ, ನಾಟಕದ ಹ್ಯಾಂಡ್‌ಬಿಲ್ಲು, 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರುವಾಗ ಹಂಚಿದ ಕರಪತ್ರ, ಇಷ್ಟು ಸಿಕ್ಕರೂ ಪ್ರದರ್ಶನ ನಿಲ್ಲುತ್ತದೆ.

ರಾಯಚೂರಿಗೆ ದಾಸರ ಪದಗಳ ಕೈಬರಹದ ಪುಸ್ತಕಗಳಿವೆ. ಚೀಕಲಪರವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಇದೇ ಜಿಲ್ಲೆಯವರಲ್ವಾ? ಮನೆಮನೆಯಲ್ಲಿ ಜಗನ್ನಾಥದಾಸರ ಹರಿಕಥಾಮೃತಸಾರವನ್ನು ಕೈಯಲ್ಲಿ ಬರೆದುಕೊಂಡ ನೋಟುಪುಸ್ತಕ ಇರುತ್ತವೆ. ಜೊತೆಗೆ ನಿಜಾಮನ ಕಾಲದ ಫಾರ್ಸಿ, ಉರ್ದು ಕಾಗದಗಳು. ಮಾಧ್ವ ಮನೆತನಗಳಲ್ಲಿ ನಂದಿನಾಗರಿ ಲಿಪಿಯ ಸಂಸ್ಕೃತ ಕಟ್ಟುಗಳು. ಒಂದೇ ಊರಲ್ಲಿ ಎಷ್ಟು ಲಿಪಿ ಅನ್ನುವುದೇ ಒಂದು ಪ್ರದರ್ಶನ ಆಗುತ್ತದೆ. ಕೊಪ್ಪಳದವರು ಕವಿರಾಜಮಾರ್ಗವನ್ನು ತೆರೆದರೆ ಸಾಕು. ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದದ ಜೊತೆ ಕೊಪಣದ, ಅಂದರೆ ಕೊಪ್ಪಳದ, ಹೆಸರು ಅಲ್ಲಿ ಇದೆ. ಹಳೇ ಮುದ್ರಣದ ಪ್ರತಿಯಲ್ಲಿ ಆ ಪದ್ಯದ ಪುಟ ತೆರೆದಿಟ್ಟು ಪಕ್ಕದಲ್ಲಿ ಜಿಲ್ಲೆಯ ನಕ್ಷೆ ಇಡಿ, ಹುಡುಗರು ನಿಂತು ಓದುತ್ತಾರೆ.

ಬಿಡಬೇಕಾದ್ದು: ಮುಟ್ಟಿದರೆ ಪುಡಿಯಾಗುವ ಕಾಗದ, ಹೊಲಿಗೆ ಬಿಚ್ಚಿದ ಪುಸ್ತಕ, ಹುಳ ಇನ್ನೂ ಓಡಾಡುತ್ತಿರುವ ಕಟ್ಟು. ಇಲ್ಲೊಂದು ಮಾತು ನೆನಪಿಡಿ, ಹಳೆಯದೆಲ್ಲ ಜೀರ್ಣ, ಹೊಸದೆಲ್ಲ ಗಟ್ಟಿ ಅಂತ ಅಲ್ಲ. ಚಿಂದಿ ಬಟ್ಟೆಯಿಂದ ಮಾಡಿದ ಇನ್ನೂರು ವರ್ಷದ ಕೈಕಾಗದ ಇವತ್ತಿಗೂ ಬಾಗುತ್ತದೆ. ಮರದ ತಿರುಳಿನಿಂದ ಮಾಡಿದ ಕಾಗದದಲ್ಲಿ ಆಮ್ಲ ಜಾಸ್ತಿ, ಹಾಗಾಗಿ 1940ರ ಆಸುಪಾಸಿನ ಯುದ್ಧಕಾಲದ ಪುಸ್ತಕ, ಪತ್ರಿಕೆಗಳು ಬಿಸ್ಕೀಟಿನ ಹಾಗೆ ಮುರಿಯುತ್ತವೆ. ಒಂದು ಪುಟದ ಮೂಲೆಯನ್ನು ಮೆಲ್ಲಗೆ, ಮಡಿಚದೆ, ಸ್ವಲ್ಪ ಬಾಗಿಸಿ ನೋಡಿದರೆ ಗೊತ್ತಾಗುತ್ತದೆ. ಅದು ಬಾಗಲು ಒಪ್ಪದಿದ್ದರೆ ಫೋಟೋ ತೆಗೆದು ಪ್ರತಿ ಇಡಿ. ಪ್ರತಿ ಅಂತ ದೊಡ್ಡದಾಗಿ ಬರೆಯಿರಿ, ಮೂಲ ಅಂತ ನಂಬಿಸಬೇಡಿ.

ಮಠದಿಂದ, ಮನೆಯಿಂದ ತರುವಾಗ

ಇದು ಪುಸ್ತಕದ ಕೆಲಸಕ್ಕಿಂತ ಜಾಸ್ತಿ ಮನುಷ್ಯರ ಕೆಲಸ. ಹಿಂದೆ ಯಾರೋ ಸಂಶೋಧನೆ ಅಂತ ಒಯ್ದು ವಾಪಸ್ ಕೊಡದ ಕಥೆ ಪ್ರತಿ ಮನೆಯಲ್ಲೂ ಇರುತ್ತದೆ. ಲಿಂಗಸುಗೂರು ಕಡೆ ಒಂದು ಮನೆಯಲ್ಲಿ ಅಜ್ಜಿ ಕೇಳಿದರು, "ಒಯ್ಯದೇನೋ ಒಯ್ತಿ, ತಿರುಗಿ ತರ್ತಿಯೇನು ತಮ್ಮಾ?" ನಾನು "ತರ್ತೀನಿ ಅವ್ವಾ" ಅಂದೆ. ಅವರು ನಗಲಿಲ್ಲ. ಆಮೇಲೆ ಅವರ ಮುಂದೆಯೇ ಕೂತು ಗರಿಗಳನ್ನು ಒಂದೊಂದಾಗಿ ಎಣಿಸಿ, ಎರಡೂ ತುದಿಯ ಫೋಟೋ ತೆಗೆದು, ಕಾಗದದ ಮೇಲೆ ಬರೆದು, ಇಬ್ಬರೂ ಸಹಿ ಮಾಡಿದೆವು. ಆವಾಗ ಚಹಾ ಬಂತು.

ಆ ಕಾಗದದಲ್ಲಿ ಏನಿರಬೇಕು? ವಸ್ತು ಯಾವುದು, ಎಷ್ಟು ಗರಿ ಅಥವಾ ಪುಟ, ಉದ್ದ ಅಗಲ, ಈಗಾಗಲೇ ಇರುವ ಹರುಕು ಮುರುಕು, ಯಾವತ್ತು ತಂದಿದ್ದು, ಯಾವತ್ತು ವಾಪಸ್, ಫೋಟೋ ತೆಗೆಯಬಹುದೇ, ಮಾಲೀಕರ ಹೆಸರು ಲೇಬಲ್ಲಿನಲ್ಲಿ ಹಾಕಬೇಕೇ ಬೇಡವೇ. ಕೊನೆಯದನ್ನು ಕೇಳಲೇಬೇಕು. ಕೆಲವರಿಗೆ ಹೆಸರು ಬೇಕು, ಕೆಲವರಿಗೆ ಕಳ್ಳರ ಭಯ. ಎರಡು ಪ್ರತಿ ಮಾಡಿ, ಒಂದು ಅವರ ಹತ್ತಿರವೇ ಇರಲಿ.

ಕಾನೂನಿನ ಒಂದು ಮಾತು. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 75 ವರ್ಷಕ್ಕಿಂತ ಹಳೆಯದಾದ, ಇತಿಹಾಸ ಅಥವಾ ಸಾಹಿತ್ಯದ ಬೆಲೆಯಿರುವ ಹಸ್ತಪ್ರತಿ ಪ್ರಾಚ್ಯವಸ್ತುವೇ. ಯಾರಾದರೂ ಪ್ರದರ್ಶನಕ್ಕೆ ಬಂದು "ಇದನ್ನ ಮಾರ್ತೀರಾ, ವಿದೇಶದಲ್ಲಿ ಒಳ್ಳೆ ರೇಟಿದೆ" ಅಂದರೆ ಆ ಮನುಷ್ಯನ ಮೇಲೆ ಕಣ್ಣಿಡಿ. ಇನ್ನು ಅಚ್ಚಾದ ಪುಸ್ತಕದ ಪುಟಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹಂಚುವ ಯೋಚನೆ ಇದ್ದರೆ, ಬರೆದವರು ತೀರಿಕೊಂಡು 60 ವರ್ಷ ಆಗಿದೆಯಾ ಅಂತ ನೋಡಿಕೊಳ್ಳಿ.

ಮುಟ್ಟುವ ಮೊದಲು

ಕೈ ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ. ಅಷ್ಟೇ. ಟಿವಿಯಲ್ಲಿ ತೋರಿಸುವ ಬಿಳಿ ಬಟ್ಟೆಯ ಗ್ಲೌಸ್ ಬೇಡ. ಗ್ಲೌಸ್ ಹಾಕಿದರೆ ಕಾಗದದ ಅಂಚು ಎಲ್ಲಿದೆ ಅಂತ ಬೆರಳಿಗೇ ತಿಳಿಯುವುದಿಲ್ಲ, ಪುಟ ತಿರುವಲು ಹೋಗಿ ಹರಿಯುತ್ತೇವೆ. ಓಲೆಗರಿಯ ಸೀಳಿಗೆ ಬಟ್ಟೆಯ ನೂಲು ಸಿಕ್ಕಿಕೊಂಡರಂತೂ ಮುಗಿಯಿತು. ಹಳೇ ಫೋಟೋಗಳಿಗೆ ಮಾತ್ರ ಬೆರಳಚ್ಚು ಬೀಳುತ್ತದೆ, ಅವಕ್ಕೆ ನೈಟ್ರೈಲ್ (ಆಸ್ಪತ್ರೆಯಲ್ಲಿ ಹಾಕುವ ರಬ್ಬರಿನಂಥ) ಗ್ಲೌಸ್ ಹಾಕಿ. ಉಂಗುರ, ಬಳೆ, ಕಡಗ, ಜೇಬಿನ ಪೆನ್ನು ತೆಗೆದಿಡಿ. ಬರೆಯುವುದೆಲ್ಲ ಪೆನ್ಸಿಲ್ಲಿನಲ್ಲಿ.

ದೂಳು ಒರೆಸಲು ಮೆತ್ತನೆಯ ಒಣ ಬ್ರಷ್ಷು, ನಡುವಿನಿಂದ ಹೊರಗಡೆಗೆ. ಒದ್ದೆ ಬಟ್ಟೆ ಬೇಡ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವು ವರ್ಷಕ್ಕೆ ಅದರ ಅಂಟು ಕಂದು ಕಲೆಯಾಗಿ ಕೂರುತ್ತದೆ, ತೆಗೆಯಲು ಹೋದರೆ ಅಕ್ಷರವೂ ಬರುತ್ತದೆ.

ಒಂದು ಎಚ್ಚರಿಕೆ ಕಡತಕ್ಕೆ. ಇವತ್ತು ಕಡತ ಅಂದರೆ ಆಫೀಸಿನ ಫೈಲು, ಮುಂದಕ್ಕೆ ಹೋಗದೆ ಮೇಜಿನಲ್ಲೇ ಕೂರುವ ವಸ್ತು. ಮೊದಲು ಕಡತ ಅಂದರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಸೇರಿಸಿ ಬಳಿದು, ಒಣಗಿಸಿ, ಮಡಿಚಿ ಮಾಡಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಅಂದರೆ ಅಕ್ಷರ ಸ್ಲೇಟಿನ ಮೇಲಿದ್ದ ಹಾಗೆ ಮೇಲೇ ಕೂತಿದೆ, ಒರೆಸಿದರೆ ಹೋಯಿತು. ಒಂದು ಕಡೆ ಒಬ್ಬ ಹುಡುಗ ಭಾರೀ ಆಸ್ಥೆಯಿಂದ ದೂಳು ಒರೆಸುತ್ತೇನೆ ಅಂತ ಎರಡು ಮಡಿಕೆಯ ಲೆಕ್ಕಪತ್ರವನ್ನೇ ಒರೆಸಿಬಿಟ್ಟ. ಅವನನ್ನು ಬೈಯಲಿಲ್ಲ, ಹೇಳಿಕೊಡಬೇಕಾದವನು ನಾನು. ಕಡತಕ್ಕೆ ಬ್ರಷ್ಷೂ ಬೇಡ, ಬಟ್ಟೆಯೂ ಬೇಡ. ಮಡಿಕೆ ಬಿಚ್ಚಿ ಹಾಗೇ ಇಡಿ.

ಹುಳದ ಗುರುತು ಕಂಡರೆ, ಅಂದರೆ ಹಿಟ್ಟಿನಂಥ ಪುಡಿ, ಹೊಸ ತೂತು, ಆ ಕಟ್ಟನ್ನು ಬೇರೆಯದರಿಂದ ದೂರ ಇಡಿ. ಡಾಂಬರ ಗುಳಿಗೆ ಹಾಕಿ ಕೂರಬೇಡಿ, ಅದು ಪುಸ್ತಕಕ್ಕಿಂತ ಮೊದಲು ನಿಮ್ಮ ಶ್ವಾಸಕ್ಕೆ ಕೆಟ್ಟದ್ದು. ಎಣ್ಣೆ ಹಚ್ಚುವುದು, ಮಸಿ ತುಂಬುವುದು, ತುಂಡು ಜೋಡಿಸುವುದು ಇವೆಲ್ಲ ತರಬೇತಿ ಇದ್ದವರ ಕೆಲಸ. ಪ್ರದರ್ಶನದ ಹಿಂದಿನ ರಾತ್ರಿ ಅವನ್ನು ಮಾಡಬಾರದು.

ಬೆಳಕಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನ ಓದಿ, ಯಾಕಂದರೆ ಹಾನಿ ಕಣ್ಣಿಗೆ ಕಾಣುವುದಿಲ್ಲ. ಬೆಳಕು ಮಸಿಯನ್ನು ಮಾಸಿಸುತ್ತದೆ, ಕಾಗದವನ್ನು ಹಳದಿ ಮಾಡುತ್ತದೆ. ಮಾಸಿದ್ದು ಮತ್ತೆ ಬರುವುದಿಲ್ಲ. ಇವತ್ತಿನ ಬೆಳಕು ನಾಳಿನದಕ್ಕೆ ಸೇರುತ್ತಾ ಹೋಗುತ್ತದೆ, ಬಡ್ಡಿ ಬೆಳೆದ ಹಾಗೆ.

ಹಸ್ತಪ್ರತಿ, ಬಣ್ಣದ ಚಿತ್ರ, ಹಳೇ ಕಾಗದಕ್ಕೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೇಡ ಅನ್ನುವುದು ಜಗತ್ತಿನ ಗ್ರಂಥಾಲಯಗಳಲ್ಲಿ ಸಾಮಾನ್ಯವಾಗಿ ಪಾಲಿಸುವ ಅಳತೆ. 50 ಲಕ್ಸ್ ಅಂದರೆ ಎಷ್ಟು? ಮನೆಯಲ್ಲಿ ಮಂದ ದೀಪ ಹಾಕಿದ ಕೋಣೆಯಷ್ಟು. ಮೊದಲು ಕತ್ತಲೆ ಅನ್ನಿಸುತ್ತದೆ, ಐದು ನಿಮಿಷಕ್ಕೆ ಕಣ್ಣು ಹೊಂದಿಕೊಳ್ಳುತ್ತದೆ. ಹೊರಗಿನ ನೇರ ಬಿಸಿಲು 1 ಲಕ್ಷ ಲಕ್ಸ್‌ವರೆಗೆ ಹೋಗುತ್ತದೆ. ಈಗ ಲೆಕ್ಕ ಹಾಕಿ. ಕಿಟಕಿಯಿಂದ ಅಂಥ ಬಿಸಿಲು ಅರ್ಧ ಗಂಟೆ ಪುಸ್ತಕದ ಮೇಲೆ ಬಿದ್ದರೆ, ಲಕ್ಸ್ ಅನ್ನು ಗಂಟೆಯಿಂದ ಗುಣಿಸಿ, 50,000. ಅದೇ ಪುಸ್ತಕ 50 ಲಕ್ಸ್‌ನಲ್ಲಿ ದಿನಕ್ಕೆ ಎಂಟು ಗಂಟೆ ಇದ್ದರೆ ಅಷ್ಟು ಬೆಳಕು ಕುಡಿಯಲು 125 ದಿನ ಬೇಕು. ಬಿಸಿಲಿನಲ್ಲಿರುವ ನೇರಳಾತೀತ ಕಿರಣದ ಹಾನಿ ಬೇರೆ. ಹಾಗಾಗಿ ಪಶ್ಚಿಮದ ಕಿಟಕಿ ಇರುವ ಹಾಲ್ ತಗೊಂಡರೆ ದಪ್ಪ ಪರದೆ ಇಲ್ಲದೆ ಕೆಲಸ ಶುರು ಮಾಡಬೇಡಿ. ಬೆಳಿಗ್ಗೆ ಬಂದು ನೋಡಿ ಬಿಸಿಲಿಲ್ಲ ಅಂದುಕೊಂಡರೆ ಸಾಲದು, ಸಂಜೆ ನಾಲ್ಕಕ್ಕೆ ಇನ್ನೊಂದು ಸಲ ಬಂದು ನೋಡಿ.

ಲಕ್ಸ್ ಮೀಟರ್ ಇಲ್ಲದಿದ್ದರೆ ಕಾಲೇಜಿನ ಫಿಸಿಕ್ಸ್ ವಿಭಾಗದಲ್ಲಿ ಕೇಳಿ. ಮೊಬೈಲಿನ ಆ್ಯಪ್ ಅಂದಾಜಿಗೆ ಸಾಕು, ನಂಬಿ ಕೂರುವಷ್ಟು ಸರಿ ಇರುವುದಿಲ್ಲ. ದೀಪ ಎಲ್‌ಇಡಿ ಇರಲಿ, ಹಳದಿ ಛಾಯೆಯದ್ದು, ಶೋಕೇಸಿನ ಹೊರಗೆ. ಯಾರೂ ನೋಡದ ಹೊತ್ತಿನಲ್ಲಿ ಮೇಲೆ ಬಟ್ಟೆ ಮುಚ್ಚಿ. ನೋಡುವವರೇ ಬಟ್ಟೆ ಸರಿಸಿ ನೋಡಿ ಮತ್ತೆ ಮುಚ್ಚುವ ಹಾಗೆ ಮಾಡಿದರೆ ಇನ್ನೂ ಚೆಂದ, ಮಕ್ಕಳಿಗೆ ಅದೊಂದು ಆಟ.

ಓಲೆಗರಿಗೆ ಒಂದು ಉಪಾಯ ಹೇಳುತ್ತೇನೆ. ಗರಿಯಲ್ಲಿ ಅಕ್ಷರವನ್ನು ಕಂಟದಿಂದ, ಅಂದರೆ ಚೂಪು ಕಬ್ಬಿಣದ ಕಡ್ಡಿಯಿಂದ, ಕೊರೆದಿರುತ್ತಾರೆ, ಆಮೇಲೆ ಕಾಡಿಗೆ ಮಸಿ ತಿಕ್ಕಿರುತ್ತಾರೆ. ಕೆಲವಕ್ಕೆ ಮಸಿ ಹೋಗಿರುತ್ತದೆ, ಮೇಲಿನಿಂದ ನೋಡಿದರೆ ಖಾಲಿ ಗರಿ. ದೀಪವನ್ನು ಮೇಲಿಂದ ಹಾಕುವ ಬದಲು ಪಕ್ಕದಿಂದ, ಬೆಳಕು ಗರಿಯನ್ನು ಸವರಿಕೊಂಡು ಹೋಗುವಂತೆ ಇಡಿ. ಕೊರೆದ ಗೆರೆಗಳ ನೆರಳು ಬಿದ್ದು ಅಕ್ಷರ ಎದ್ದು ಬರುತ್ತದೆ. ಬೆಳಕು ಹೆಚ್ಚಿಸುವ ಗೋಜೇ ಇಲ್ಲ.

ಫೋಟೋ ಫ್ಲ್ಯಾಶ್ ಬಗ್ಗೆ ಕೇಳುತ್ತಾರೆ. ಮೊಬೈಲಿನ ಒಂದು ಕ್ಷಣದ ಫ್ಲ್ಯಾಶಿನಿಂದ ಆಗುವ ಹಾನಿ ಜನ ಹೆದರುವಷ್ಟು ಏನೂ ಇಲ್ಲ. ಆದರೂ ನಾನು ಬೇಡ ಅನ್ನುತ್ತೇನೆ. ಗಾಜಿಗೆ ಬಡಿದು ಯಾರ ಫೋಟೋವೂ ಸರಿ ಬರುವುದಿಲ್ಲ, ಒಬ್ಬರು ನಾಲ್ಕು ಸಲ ತೆಗೆಯುವಷ್ಟರಲ್ಲಿ ಹಿಂದೆ ಸಾಲು ನಿಲ್ಲುತ್ತದೆ.

ತೇವ, ಶಾಖ

ಸಂರಕ್ಷಣೆಯ ಪುಸ್ತಕಗಳಲ್ಲಿ 20ರಿಂದ 22 ಡಿಗ್ರಿ, 45ರಿಂದ 55 ಶೇಕಡಾ ತೇವಾಂಶ ಅಂತ ಬರೆದಿರುತ್ತದೆ. ರಾಯಚೂರಿನಲ್ಲಿ ಅದನ್ನು ಓದಿದರೆ ನಗು ಬರುತ್ತದೆ. ನಮಗೆ ಮುಖ್ಯವಾದ್ದು ಏರಿಳಿತ ಆಗದಂತೆ ನೋಡಿಕೊಳ್ಳುವುದು. ಗರಿ, ಕಾಗದ, ಚರ್ಮ ಎಲ್ಲವೂ ಗಾಳಿಯ ತೇವ ಕುಡಿದು ಹಿಗ್ಗುತ್ತವೆ, ಬಿಟ್ಟು ಕುಗ್ಗುತ್ತವೆ, ದಿನಾ ಹಿಗ್ಗಿ ಕುಗ್ಗಿದರೆ ಸೀಳುತ್ತವೆ. ಹಗಲೆಲ್ಲ ಎಸಿ ಹಾಕಿ ರಾತ್ರಿ ಆರಿಸುವುದು ಎಸಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಕರೆಂಟಿನ ಭರವಸೆ ಇಲ್ಲದಿದ್ದರೆ ಎಸಿ ಆಸೆ ಬಿಡಿ. ದಪ್ಪ ಗೋಡೆಯ ಹಳೇ ಕಟ್ಟಡ, ನೆಲಮಹಡಿ, ಉತ್ತರದ ಕಡೆಯ ಕೋಣೆ ಹುಡುಕಿ. ಮೇಲಿನ ತಾರಸಿ ಬಿಸಿಯಾಗುವ ಕೋಣೆ ಬೇಡ.

ತೇವ ಅಳೆಯುವ ಪುಟ್ಟ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಸುಳ್ಳು ಹೇಳುತ್ತದಾ ಅಂತ ಮನೆಯಲ್ಲೇ ನೋಡಬಹುದು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ನೀರು ಚಿಮುಕಿಸಿ ಒದ್ದೆ ಮರಳಿನ ಹದಕ್ಕೆ ತನ್ನಿ. ಮೀಟರ್ ಜೊತೆ ಅದನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ರಾತ್ರಿ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಮೀಟರ್ 5 ಕಡಿಮೆ ಹೇಳುತ್ತದೆ ಅಂತ ಅದರ ಬೆನ್ನಿಗೆ ಬರೆದಿಡಿ. ಪ್ರತಿ ಶೋಕೇಸಿಗೊಂದು ಮೀಟರ್ ಇಟ್ಟು ದಿನಕ್ಕೆ ಮೂರು ಸಲ ಬರೆದುಕೊಳ್ಳಿ.

ಸಿಲಿಕಾ ಜೆಲ್ ಪೊಟ್ಟಣ ಎಲ್ಲರೂ ಹಾಕುತ್ತಾರೆ, ಯಾಕೆ ಅಂತ ಕೇಳಿದರೆ ಹೇಳುವವರು ಕಡಿಮೆ. ಅದು ತೇವ ಹೀರುವ ವಸ್ತು. ಮಳೆಗಾಲದಲ್ಲಿ ಸರಿ. ಗಾಳಿಯೇ ಒಣಗಿ ತುಟಿ ಒಡೆಯುವ ಕಾಲದಲ್ಲಿ ಹೊಸ ಜೆಲ್ ಹಾಕಿದರೆ ಗರಿಯಲ್ಲಿದ್ದ ಅಷ್ಟಿಷ್ಟು ತೇವವನ್ನೂ ಎಳೆದುಕೊಳ್ಳುತ್ತದೆ. ಮೀಟರ್ ನೋಡಿ 55 ದಾಟಿದರೆ ಮಾತ್ರ ಹಾಕಿ.

ಶೋಕೇಸು

ಹೊಸದಾಗಿ ಮಾಡಿಸುವುದಾದರೆ ಕಬ್ಬಿಣದ ಚೌಕಟ್ಟು, ಪೌಡರ್ ಕೋಟಿಂಗ್, ಟಫನ್ಡ್ ಅಥವಾ ಲ್ಯಾಮಿನೇಟೆಡ್ ಗಾಜು, ಒಳ್ಳೆ ಬೀಗ. ಪ್ಲೈವುಡ್ಡು, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ನೋಡಲು ಚೆಂದ, ಆದರೆ ಅವುಗಳ ಅಂಟಿನಿಂದ ಬರುವ ಆವಿ ಮುಚ್ಚಿದ ಗಾಜಿನೊಳಗೆ ತುಂಬಿಕೊಂಡು ಕಾಗದಕ್ಕೆ ತಾಗುತ್ತದೆ. ಹೊಸ ಪೇಂಟ್ ಬಳಿದರೆ ಮೂರು ನಾಲ್ಕು ವಾರ ಬಾಗಿಲು ತೆರೆದು ವಾಸನೆ ಹೋಗಲು ಬಿಡಿ. ಉದ್ಘಾಟನೆಯ ಹಿಂದಿನ ದಿನ ಬಡಗಿ ಬಂದು ಫೆವಿಕಾಲ್ ಹಚ್ಚುವ ನಮ್ಮ ಪದ್ಧತಿ ಇದೆಯಲ್ಲ, ಅದು ಇಲ್ಲಿ ನಡೆಯುವುದಿಲ್ಲ.

ಎರವಲು ಶೋಕೇಸ್ ತಂದರೆ ಒಳಗಿನ ಬಲ್ಬುಗಳ ವೈರನ್ನೇ ಕಿತ್ತುಬಿಡಿ. ಸುಮ್ನೆ ಸ್ವಿಚ್ ಆರಿಸಿದರೆ ಯಾರೋ ಒಬ್ಬರು ಬಂದು ಹಾಕೇ ಹಾಕುತ್ತಾರೆ. ಕೆಳಗೆ ಹಾಸಲು ಕೆಂಪು ವೆಲ್ವೆಟ್ ಬೇಡ, ಬಣ್ಣ ಬಿಡುತ್ತದೆ. ಬಣ್ಣ ಹಾಕದ ಹತ್ತಿ ಬಟ್ಟೆಯನ್ನು ಎರಡು ಮೂರು ಸಲ ಬರೀ ನೀರಲ್ಲಿ ಒಗೆದು ಒಣಗಿಸಿ ಹಾಸಿ. ನಮ್ಮ ಕಡೆ ಖಾದಿ ಸಿಗದ ಊರಿಲ್ಲ. ಅದರ ಮೇಲೆ ಆಮ್ಲರಹಿತ ಕಾಗದ ಸಿಕ್ಕರೆ ಇನ್ನೂ ಒಳ್ಳೆಯದು.

ಎತ್ತರ ನೆಲದಿಂದ 85ರಿಂದ 90 ಸೆಂಟಿಮೀಟರ್ ಸಾಕು. ಐದನೇ ಕ್ಲಾಸಿನ ಹುಡುಗಿ ಬೆರಳ ತುದಿಯಲ್ಲಿ ನಿಲ್ಲದೆ ನೋಡಬೇಕು, ಗಾಲಿಕುರ್ಚಿಯಲ್ಲಿ ಬಂದವರಿಗೂ ಕಾಣಬೇಕು.

ತೆರೆದಿಡುವ ರೀತಿ

ಪುಸ್ತಕವನ್ನು ಬೋರ್ಡಿನ ಮೇಲೆ ಪೂರ್ತಿ 180 ಡಿಗ್ರಿ ಅಗಲಿಸಿ ಇಟ್ಟರೆ ಬೆನ್ನು ಮುರಿಯುತ್ತದೆ. ಅದು ತಾನಾಗಿ ಎಷ್ಟು ತೆರೆದುಕೊಳ್ಳುತ್ತದೋ ಅಷ್ಟೇ ತೆರೆಯಿರಿ, ಬಿಗಿ ಬೈಂಡಿಂಗ್ ಆದರೆ 90 ಡಿಗ್ರಿ ದಾಟಬೇಡಿ. ಎರಡೂ ರಟ್ಟಿಗೆ ಕೆಳಗಿನಿಂದ ಆಸರೆ ಬೇಕು. ಇದಕ್ಕೆ ದೊಡ್ಡ ಊರುಗಳಲ್ಲಿ ಅಕ್ರಿಲಿಕ್ ತೊಟ್ಟಿಲು ಮಾಡಿಸುತ್ತಾರೆ. ನಮ್ಮ ಮನೆಗಳಲ್ಲಿ ವ್ಯಾಸಪೀಠ ಇದೆ, ಮುಸ್ಲಿಮರ ಮನೆಗಳಲ್ಲಿ ಕುರಾನ್ ಇಡುವ ರೆಹಲ್ ಇದೆ, ಎರಡೂ ಅದೇ ಕೆಲಸ ಮಾಡುತ್ತವೆ. ಹಿರಿಯರು ಪುಸ್ತಕವನ್ನು ಪೂರ್ತಿ ಬಿಡಿಸಿ ನೆಲಕ್ಕೆ ಇಡಬಾರದು ಅಂತ ಹೇಳಿದ್ದರಲ್ಲಿ ಭಕ್ತಿ ಎಷ್ಟಿತ್ತೋ ಬೈಂಡಿಂಗಿನ ಬುದ್ಧಿಯೂ ಅಷ್ಟೇ ಇತ್ತು ಅನ್ನಿಸುತ್ತದೆ ನನಗೆ. ಹಳೇ ವ್ಯಾಸಪೀಠದ ಮೇಲೆ ಬಟ್ಟೆ ಸುತ್ತಿದ ದಿಂಬು ಇಟ್ಟು ಪುಸ್ತಕ ಇಡಿ. ದಪ್ಪ ಪುಸ್ತಕ ಮೊದಲ ಪುಟಕ್ಕೆ ತೆರೆದಿದ್ದರೆ ಒಂದು ಕಡೆ ತೆಳ್ಳಗೆ, ಒಂದು ಕಡೆ ದಪ್ಪ ಆಗುತ್ತದೆ. ತೆಳುವಾದ ಕಡೆ ಕೆಳಗೆ ಇನ್ನೊಂದು ಮಡಿಕೆ ಬಟ್ಟೆ ಸೇರಿಸಿ ಸಮ ಮಾಡಿ.

ಪುಟ ತಾನಾಗಿ ಮುಚ್ಚಿಕೊಳ್ಳುತ್ತಿದ್ದರೆ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಬೆರಳಗಲದ ಪಟ್ಟಿಯನ್ನು ಪುಟ, ರಟ್ಟು, ಪೀಠ ಮೂರಕ್ಕೂ ಸಡಿಲವಾಗಿ ಸುತ್ತಿ, ಅಂಟನ್ನು ಪಟ್ಟಿಯ ತುದಿಗೇ ಹಚ್ಚಿ, ಪುಸ್ತಕಕ್ಕಲ್ಲ. ರಬ್ಬರ್ ಬ್ಯಾಂಡ್, ಕ್ಲಿಪ್ಪು, ಮೇಲೆ ಕಲ್ಲು ಇಡುವುದು ಬೇಡ. ಒಂದು ವಾರಕ್ಕಿಂತ ಜಾಸ್ತಿ ದಿನ ಇಟ್ಟರೆ ಪುಟ ತಿರುಗಿಸಿ, ಒಂದೇ ಪುಟ ಬೆಳಕಿಗೆ ಬೀಳಬಾರದು. ಉರ್ದು, ಫಾರ್ಸಿ ಪುಸ್ತಕ ಬಲದಿಂದ ಎಡಕ್ಕೆ ಅನ್ನುವುದು ಮರೆಯಬೇಡಿ. ಒಂದು ಕಡೆ ಸನದನ್ನು (ಹಳೇ ಸರ್ಕಾರಿ ಅಪ್ಪಣೆಪತ್ರ) ತಲೆಕೆಳಗೆ ಇಟ್ಟು ಮೂರು ದಿನ ಯಾರೂ ಹೇಳಲಿಲ್ಲ, ನಾಲ್ಕನೇ ದಿನ ಬಂದ ಒಬ್ಬ ಅಜ್ಜ ಮೆಲ್ಲಗೆ ಕಿವಿಯಲ್ಲಿ ಹೇಳಿದರು.

ಓಲೆಗರಿ ಕಟ್ಟಿಗೆ ಬೇರೆ ಕ್ರಮ. ಶ್ರೀತಾಳೆಯ ಗರಿ ತೆಳು, ಬಾಗುತ್ತದೆ. ಮಾಮೂಲಿ ತಾಳೆಯದ್ದು ದಪ್ಪ, ಬೇಗ ಸೀಳುತ್ತದೆ. ಯಾವುದೇ ಆಗಲಿ ದಾರ ಬಿಗಿದು ಇಡಬೇಡಿ, ತೂತಿನ ಅಂಚು ಹರಿಯುತ್ತದೆ. ಎರಡು ಮೂರು ಗರಿಯನ್ನು ಮಾತ್ರ ಹೊರಗೆ ತೆಗೆದು, 15 ಡಿಗ್ರಿಗಿಂತ ಕಡಿಮೆ ಓರೆಯ ಹಲಗೆಯ ಮೇಲೆ, ಕೆಳಗೆ ಜಾರದಂತೆ ಪಟ್ಟಿ ಕೊಟ್ಟು ಇಡಿ. ಉಳಿದ ಕಟ್ಟು ಪೆಟ್ಟಿಗೆಯಲ್ಲಿ. ತೆಗೆದ ಗರಿಯ ಜಾಗದಲ್ಲಿ ಅದೇ ಅಳತೆಯ ಕಾಗದದ ಚೀಟಿ ಇಟ್ಟು, ಗರಿಯ ಎಡ ಅಂಚಿನಲ್ಲಿರುವ ಸಂಖ್ಯೆಯನ್ನು ಅದರಲ್ಲಿ ಬರೆಯಿರಿ. ಈ ಚೀಟಿ ಇಲ್ಲದೆ ಗರಿ ಎಲ್ಲೋ ಸೇರಿಸಿಟ್ಟರೆ ಮುಂದೆ ಓದುವವರು ತಲೆ ಕೆಡಿಸಿಕೊಳ್ಳುತ್ತಾರೆ.

ಲೇಬಲ್ ಬರೆಯುವುದು

ನಾನು ನೋಡಿದ ಬಹುಪಾಲು ಪ್ರದರ್ಶನಗಳಲ್ಲಿ ಲೇಬಲ್ ಹೀಗಿರುತ್ತದೆ: "ಓಲೆಗರಿ. ಪ್ರಾಚೀನ." ಇದನ್ನು ಓದಿ ಯಾರಿಗೆ ಏನು ತಿಳಿಯಬೇಕು ಹೇಳಿ. ಐವತ್ತು ಅರವತ್ತು ಪದ ಬರೆಯಿರಿ. ಏನು, ಯಾವ ಲಿಪಿ, ಯಾರು ಎಲ್ಲಿ ಬರೆದದ್ದು ಗೊತ್ತಿದ್ದರೆ ಅದು, ತೆರೆದಿರುವ ಪುಟದಲ್ಲಿ ಏನಿದೆ. ಕೊನೆಯದು ಎಲ್ಲಕ್ಕಿಂತ ಮುಖ್ಯ. ತೆರೆದ ಪುಟದ ಎರಡು ಸಾಲನ್ನು ಇವತ್ತಿನ ಅಕ್ಷರದಲ್ಲಿ ಬರೆದರೆ ಜನ ಗಾಜಿಗೆ ಮೂಗು ಒತ್ತಿ, ಲೇಬಲ್ಲಿನ ಅಕ್ಷರವನ್ನು ಗರಿಯಲ್ಲಿ ಹುಡುಕುತ್ತಾರೆ. ಒಂದು ಅಕ್ಷರ ಸಿಕ್ಕರೂ "ಇಲ್ಲಿದೆ ನೋಡು, ಮ" ಅಂತ ಪಕ್ಕದವರನ್ನು ಕರೆಯುತ್ತಾರೆ. ಕಾಲ ಗೊತ್ತಿಲ್ಲದಿದ್ದರೆ 500 ವರ್ಷ ಹಳೆಯದು ಅಂತ ಬರೆಯಬೇಡಿ. ನಮ್ಮ ಕಡೆ ಎಲ್ಲವೂ 500 ವರ್ಷ ಹಳೆಯದೇ ಆಗಿಬಿಟ್ಟಿದೆ.

ಅಕ್ಷರ 20 ಪಾಯಿಂಟಿಗಿಂತ ಚಿಕ್ಕದು ಬೇಡ, ಬೆಳಕು ಮಂದ ಇರುತ್ತದಲ್ಲ. ಕನ್ನಡ ಮೊದಲು, ಕೆಳಗೆ ಬಳ್ಳಾರಿಯಲ್ಲಿ ತೆಲುಗು, ರಾಯಚೂರಿನಲ್ಲಿ ಉರ್ದು ಒಂದೆರಡು ಸಾಲು ಇದ್ದರೆ ಬರುವವರ ಸಂಖ್ಯೆಯೇ ಬೇರೆ ಆಗುತ್ತದೆ. ಓದಲು ಬರದ ಹಸ್ತಪ್ರತಿ ಇದ್ದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ವಿಭಾಗ ಇದೆ, ಎರಡು ಮೂರು ಪುಟದ ಒಳ್ಳೆ ಫೋಟೋ ತೆಗೆದುಕೊಂಡು ಹೋಗಿ ಕೇಳಿ. ಕಟ್ಟನ್ನೇ ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ಒಯ್ಯಬೇಡಿ.

ಕೊನೆಯ ಗರಿಯನ್ನು ತೋರಿಸುವ ಯೋಚನೆ ಮಾಡಿ. ಲಿಪಿಕಾರರು ಅಲ್ಲಿ ತಮ್ಮ ಮಾತು ಬರೆಯುತ್ತಿದ್ದರು. ಒಂದು ಹಳೇ ಶ್ಲೋಕ ಊರೂರಿನ ಪ್ರತಿಗಳಲ್ಲಿ ಸಿಗುತ್ತದೆ: ಬೆನ್ನು, ಸೊಂಟ, ಕುತ್ತಿಗೆ ಮುರಿದುಕೊಂಡು, ಕಣ್ಣು ನೆಟ್ಟು, ತಲೆ ತಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜತನ ಮಾಡಿ ಅಂತ. ಕಂಪ್ಯೂಟರ್ ಮುಂದೆ ಕೂತು ಬೆನ್ನು ನೋವು ಅನ್ನುವವರು ಈ ಲೇಬಲ್ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ.

ಮುಟ್ಟುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೇ ಪಕ್ಕದಲ್ಲೊಂದು ಮೇಜು ಹಾಕಿ, ಒಣ ತಾಳೆಗರಿ, ಒಂದು ಮೊಂಡ ಕಬ್ಬಿಣದ ಕಂಟ, ಕಾಡಿಗೆ ಇಡಿ. ತಮ್ಮ ಹೆಸರನ್ನು ಕೊರೆದು ಮಸಿ ತಿಕ್ಕಿ ಅಕ್ಷರ ಮೂಡಿದಾಗ ದೊಡ್ಡವರೂ ಕೂಗುತ್ತಾರೆ. ಈ ಮೇಜು ಶೋಕೇಸಿನಿಂದ ದೂರ ಇರಲಿ, ಕಾಡಿಗೆ ಕೈ ಎಲ್ಲೆಲ್ಲೋ ಹೋಗುತ್ತದೆ.

ಉದ್ಘಾಟನೆ ದಿನದ ಅಪಾಯ

ಇಡೀ ಪ್ರದರ್ಶನದಲ್ಲಿ ಪುಸ್ತಕಕ್ಕೆ ಹೆಚ್ಚು ಗಂಡಾಂತರ ಇರುವುದು ಮೊದಲ ಒಂದು ಗಂಟೆಯಲ್ಲಿ. ದೀಪ, ಎಣ್ಣೆ, ಊದುಬತ್ತಿ, ಹೂವು, ನೂಕುನುಗ್ಗಲು. ಒಂದು ಸಮಾರಂಭದಲ್ಲಿ ಬಂದ ಹಿರಿಯರೊಬ್ಬರು ಭಕ್ತಿಯಿಂದ ಓಲೆಗರಿಗೇ ಅರಿಶಿನ ಕುಂಕುಮ ಹಚ್ಚಿದರು. ತಡೆಯುವ ಧೈರ್ಯ ಯಾರಿಗೂ ಆಗಲಿಲ್ಲ, ಆ ಕಲೆ ಇವತ್ತಿಗೂ ಇದೆ. ಅವರನ್ನು ದೂರಿ ಪ್ರಯೋಜನ ಇಲ್ಲ, ಪುಸ್ತಕ ನಮಗೆ ಸರಸ್ವತಿಯೇ. ಅದಕ್ಕೆ ಈಗ ನಾವು ಹಾಲಿನ ಹೊರಗೆ, ಬಾಗಿಲ ಹತ್ತಿರ ಒಂದು ಪೀಠ ಹಾಕಿ, ಅದರ ಮೇಲೆ ಹೊಸ ಪುಸ್ತಕ ಒಂದು ಮತ್ತು ಖಾಲಿ ಗರಿಗಳ ಕಟ್ಟು ಇಡುತ್ತೇವೆ. ಪೂಜೆ, ದೀಪ, ಹಾರ ಎಲ್ಲ ಅಲ್ಲಿ. ಒಳಗಿನ ಶೋಕೇಸುಗಳಿಗೆ ಮೊದಲೇ ಬೀಗ. ಬೀಗದ ಕೈ ಭಾಷಣ ಮಾಡುವವರ ಹತ್ತಿರ ಇರಬಾರದು. "ಸಾಹೇಬರು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳಲಿ" ಅಂತ ಯಾರಾದರೂ ಅಂದರೆ, ಅದಕ್ಕೂ ಒಂದು ಪ್ರತಿ ರೆಡಿ ಇಟ್ಟುಕೊಳ್ಳಿ.

ಚಹಾ, ನೀರಿನ ಬಾಟಲಿ ಒಳಗೆ ಬೇಡ. ಕೋಣೆಗೊಬ್ಬರು ಕಾವಲು ಇರಲಿ, ಊಟದ ಹೊತ್ತಿನಲ್ಲೂ. ಯಾರು ಯಾವಾಗ ಯಾವ ಶೋಕೇಸ್ ತೆರೆದರು ಅಂತ ಒಂದು ನೋಟುಬುಕ್ ಇಡಿ.

ಇಳಿಸುವುದು, ಒಪ್ಪಿಸುವುದು

ಕೊನೆಯ ದಿನ ಸಂಜೆ ಎಲ್ಲರಿಗೂ ಸುಸ್ತು, ಬೇಗ ಮುಗಿಸುವ ಆತುರ. ಆವತ್ತು ಬೀಗ ಹಾಕಿ ಮನೆಗೆ ಹೋಗಿ, ಮರುದಿನ ಬೆಳಿಗ್ಗೆ ಇಳಿಸಿ. ಒಬ್ಬರು ತೆಗೆಯುವುದು, ಒಬ್ಬರು ಮೊದಲ ದಿನದ ಫೋಟೋ ಜೊತೆ ಹೋಲಿಸುವುದು, ಒಬ್ಬರು ಬರೆಯುವುದು. ಹೊಸ ಗೀರು, ಹೊಸ ಬಿರುಕು ಕಂಡರೆ ಅಡಗಿಸಬೇಡಿ, ಮಾಲೀಕರಿಗೆ ಫೋನ್ ಮಾಡಿ ಮೊದಲೇ ಹೇಳಿ. ಗರಿಗಳನ್ನು ಚೀಟಿ ನೋಡಿ ಅದರದರ ಜಾಗದಲ್ಲಿ ಸೇರಿಸಿ, ಹಲಗೆ ಇಟ್ಟು, ದಾರವನ್ನು ಸಡಿಲವಾಗಿ ಸುತ್ತಿ, ಒಗೆದ ಬಟ್ಟೆಯಲ್ಲಿ ಕಟ್ಟಿ.

ಮನೆಯಿಂದ ತಂದದ್ದನ್ನು ಕೊರಿಯರ್‌ನಲ್ಲಿ ಕಳಿಸಬೇಡಿ, ತಂದವರೇ ಹೋಗಿ ಕೊಡಿ. ಆ ಅಜ್ಜಿಯ ಮನೆಗೆ ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ಹೋದೆವು. ಅವರು ಕಾಗದ ತಂದರು, ಮೂಗಿನ ತುದಿಗೆ ಕನ್ನಡಕ ಇಟ್ಟು ಎಣಿಸಲು ಕೂತರು, ನಡುವೆ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಶುರು ಮಾಡಿದರು. ನೂರಾ ಹನ್ನೆರಡು. ಸರಿ ಇತ್ತು. ಕಟ್ಟನ್ನು ಒಳಗಿಟ್ಟು ಬಂದು, "ಅಟ್ಟದ ಮ್ಯಾಲ ಇನ್ನೊಂದು ಗಂಟು ಅದ, ನೋಡ್ತಿಯೇನು?" ಅಂದರು.